ಪ್ರೊಫೆಸರಿಗೆ ಹುಷಾರಿಲ್ಲ

ಬೆಳಿಗ್ಗೆ ಅಬೆನಾ ಇನ್ನೂ ಹಲ್ಲುಜ್ಜುತ್ತಿದ್ದಾಗ ಮಾಮೆ ಅಡ್ವೊವಾ ಫೋನು ಮಾಡಿ, "ಪ್ರೊಫೆಸರಿಗೆ ಹುಷಾರಿಲ್ಲ, ಬಂದು ಹೋಗು" ಎಂದರು. ಅಷ್ಟೇ. ಅಳುವಿಲ್ಲ, ದನಿಯಲ್ಲಿ ನಡುಕವಿಲ್ಲ. ಒಂಬತ್ತು ವರ್ಷದಿಂದ ಹುಷಾರಿಲ್ಲದ ಗಂಡನ ಬಗ್ಗೆ ಹೆಂಡತಿ ಹೊಸ ಸುದ್ದಿಯಂತೆ ಹೀಗೆ ಹೇಳಿದರೆ ಅದರ ಅರ್ಥ ಒಂದೇ. ಕುಮಾಸಿಯಲ್ಲಿ ಹುಟ್ಟಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರೊಫೆಸರ್ ಕ್ವಾಕು ಬೆಡಿಯಾಕೊ ತೀರಿಕೊಂಡಿದ್ದರು.

ಅಬೆನಾ ಮೊದಲು ಮಾಡಿದ ಕೆಲಸ ಗಡಿಯಾರ ನೋಡಿದ್ದು. ತನಗೆ ವಿದ್ಯೆ ಕಲಿಸಿದ, ಕೆಲಸ ಕೊಡಿಸಿದ, ಮಗಳಂತೆ ಬೈದು ಬುದ್ಧಿ ಹೇಳಿದ ಮನುಷ್ಯ ಸತ್ತರೆ ಮೊದಲು ಕಣ್ಣಲ್ಲಿ ನೀರು ಬರಬೇಕಿತ್ತು. ಬರಲಿಲ್ಲ. ಆ ನಾಚಿಕೆಯನ್ನು ನುಂಗಿಕೊಂಡು ಅವಳು ಡಾಕ್ಟರ್ ಲಾರ್ಟೆಗೆ ಫೋನು ಹಚ್ಚಿದಳು. ಲಾರ್ಟೆ ಶವಪರೀಕ್ಷೆಯ ಡಾಕ್ಟರು, ಈ ದಿನಕ್ಕೆಂದೇ ಅವಳು ವರ್ಷಗಳಿಂದ ಒಪ್ಪಿಸಿ ಇಟ್ಟುಕೊಂಡಿದ್ದವರು. ಜನರೇಟರಿಗೆ ಡೀಸೆಲ್ ತುಂಬಿಸಿ, ಕೊರೆಯುವ ಫ್ರೀಜರನ್ನು ಸಿದ್ಧ ಮಾಡಿ, ಮಧ್ಯಾಹ್ನದೊಳಗೆ ತರುತ್ತೇನೆ ಎಂದಳು. ಉಸಿರು ನಿಂತ ಮೇಲೆ ಎಂಟು ತಾಸು, ಅದೇ ಮಿತಿ. ಅಷ್ಟರೊಳಗೆ ಮಿದುಳನ್ನು ತೆಗೆದು ಹೆಪ್ಪುಗಟ್ಟಿಸಿದರೆ ಅವಳ ಕೆಲಸಕ್ಕೆ ಬರುತ್ತದೆ. ತಡವಾದರೆ ಅಲ್ಲಿ ಒಲೆ ಇತ್ತು ಎಂದಷ್ಟೇ ತಿಳಿಯುತ್ತದೆ, ಉರಿ ಎಷ್ಟಿತ್ತು ಎಂದು ತಿಳಿಯುವುದಿಲ್ಲ.

ಅವಳಿಗೆ ಬೇಕಾಗಿದ್ದು ಆ ಉರಿಯ ಲೆಕ್ಕವೇ. ಮಿದುಳು ಮೈಯಲ್ಲಿ ಅಂಗೈಯಗಲದ ಪದಾರ್ಥ, ಆದರೆ ಮೈಗೆ ಬರುವ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಅದೇ ತಿಂದು ಮುಗಿಸುತ್ತದೆ. "ಮನೆಯ ಹಿರೀಮಗ ಇದ್ದಂಗೆ. ದುಡಿಯೋದು ಕಣ್ಣಿಗೆ ಕಾಣಲ್ಲ, ಉಣ್ಣೋದು ಮಾತ್ರ ಎಲ್ಲರಿಗೂ ಕಾಣುತ್ತೆ" ಎಂದು ಪ್ರೊಫೆಸರ್ ಬೆಡಿಯಾಕೊ ಮೊದಲ ಪಾಠದಲ್ಲೇ ಹೇಳಿ ಹುಡುಗರನ್ನು ನಗಿಸುತ್ತಿದ್ದರು. ಆ ಮಾತು ಅಬೆನಾಳ ತಲೆಯಲ್ಲಿ ಕೂತುಬಿಟ್ಟಿತು. ಮರೆವಿನ ಕಾಯಿಲೆಯಲ್ಲಿ ಮಿದುಳೊಳಗೆ ಕಸ ತುಂಬುತ್ತದೆ ಎಂದು ಜಗತ್ತೆಲ್ಲ ಆ ಕಸದ ಹಿಂದೆ ಬಿದ್ದಿದ್ದಾಗ, ಕಸ ತುಂಬುವುದಕ್ಕೆ ಎಷ್ಟೋ ವರ್ಷ ಮೊದಲೇ ಒಲೆ ನಂದುತ್ತಾ ಬಂದಿರುತ್ತದೆ, ಸಾಯುವ ಮೊದಲು ಮಿದುಳು ಹಸಿಯುತ್ತದೆ ಎಂದು ಅವಳು ಹಟ ಹಿಡಿದು ಕೂತಳು. ಇಲಿಗಳಲ್ಲಿ ತೋರಿಸಿದಳು. ಇಲಿ ಮನುಷ್ಯನಲ್ಲ ಎಂದು ಹೊರದೇಶದ ಪತ್ರಿಕೆಗಳು ವಾಪಸು ಕಳಿಸಿದವು. ಇನ್ನೊಂದಷ್ಟು ಇಲಿ ಸಾಕಿದಳು. ಒಂದು ವರ್ಷ ಕರೆಂಟು ಹೋಗಿ ಫ್ರೀಜರಿನಲ್ಲಿದ್ದ ಐದು ವರ್ಷದ ಕೆಲಸ ನೀರಾಗಿ ನೆಲಕ್ಕೆ ಹರಿಯಿತು. ಇನ್ನೊಂದು ವರ್ಷ ಜರ್ಮನಿಯಿಂದ ತರಿಸಿದ ರಾಸಾಯನಿಕ ತೇಮಾ ಬಂದರಿನಲ್ಲಿ ಒಂದು ಮೊಹರಿಗಾಗಿ ಕಾದು ಕಾದು ಬಿಸಿಲಿಗೆ ಕೆಟ್ಟಿತು. ನಿಮ್ಮ ಮಾದರಿಗಳನ್ನು ನಮಗೆ ಕೊಡಿ, ನಾವೇ ಅಳೆಯುತ್ತೇವೆ, ನಿಮ್ಮ ಹೆಸರನ್ನೂ ನಡುವೆ ಎಲ್ಲಾದರೂ ಸೇರಿಸುತ್ತೇವೆ ಎಂದು ಹೊರಗಿನವರು ಬರೆದರು. ಅಬೆನಾ ಆ ಕಾಗದವನ್ನು ಹರಿದು ಹಾಕಿದಳು. ಅವಳ ಅರ್ಧ ಆಯಸ್ಸು ಹೀಗೆ ಹಲ್ಲು ಕಚ್ಚಿಕೊಂಡೇ ಕಳೆಯಿತು.

ಆಗ ಒಂದು ದಿನ ಪ್ರೊಫೆಸರ್ ತಾವೇ ಅವಳ ಕೋಣೆಗೆ ಬಂದು ಮೇಜಿನ ಮೇಲೆ ಕಾರಿನ ಕೀಲಿಕೈ ಇಟ್ಟರು. "ಇದು ಏನಕ್ಕೆ ಅಂತ ಈವತ್ತು ಬೆಳಿಗ್ಗೆ ನಂಗೆ ಗೊತ್ತಾಗ್ಲಿಲ್ಲ ಅಬೆನಾ. ಬರ್ಕೋ" ಎಂದರು. ಅಂದಿನಿಂದ ಒಂಬತ್ತು ವರ್ಷ, ವರ್ಷಕ್ಕೊಮ್ಮೆ ಬೆನ್ನು ಬಗ್ಗಿಸಿ ಕೂತು ಬೆನ್ನುಹುರಿಯ ನೀರು ಕೊಟ್ಟರು, ರಕ್ತ ಕೊಟ್ಟರು, ನೆನಪಿನ ಪರೀಕ್ಷೆಗಳಲ್ಲಿ ಸೋಲುತ್ತಾ ಬಂದರು. ಬದುಕಿದ್ದಾಗ ಹೀಗೆ ಅಳೆದ ಮಿದುಳು ಸತ್ತ ಮೇಲೂ ಸಿಕ್ಕರೆ ಆಗ ಯಾರೂ ಇಲಿಯ ಮಾತೆತ್ತುವಂತಿಲ್ಲ. ಅದನ್ನೂ ಅವರೇ ಹೇಳಿದರು, ಅವರೇ ಸಹಿ ಹಾಕಿದರು. ಹೆಂಡತಿ ಮಕ್ಕಳೂ ಹಾಕಿದರು.

"ತಾಯಿಮನೆಯವರನ್ನ ಕೇಳಬೇಡ್ವಾ ಪ್ರೊಫೆಸರ್?" ಎಂದು ಅಬೆನಾ ಅವತ್ತು ಒಂದು ಮಾತು ಕೇಳಿದ್ದಳು. ಅಸಾಂಟೆ ಜನದಲ್ಲಿ ಗಂಡಸು ಎಷ್ಟೇ ಓದಿರಲಿ, ಅವನ ಹೆಣ ಹೆಂಡತಿ ಮಕ್ಕಳದ್ದಲ್ಲ, ಅವನ ತಾಯಿಯ ಕುಲದ್ದು.

"ತಾಯಿಮನೆಗೆ ಯಜಮಾನ ಯಾರು? ನಾನು. ಯಜಮಾನನ್ನೇ ಕೇಳಿದೀಯ, ಯಜಮಾನ ಹೂಂ ಅಂದಿದಾನೆ. ಇನ್ಯಾರನ್ನ ಕೇಳ್ತೀಯ?" ಎಂದು ಅವರು ನಕ್ಕಿದ್ದರು.

ಅಬೆನಾಳೂ ನಕ್ಕಿದ್ದಳು. ಆ ಕಾಗದ ಉಪಯೋಗಕ್ಕೆ ಬರುವ ದಿನವೇ ಯಜಮಾನ ಯಜಮಾನನಾಗಿ ಉಳಿದಿರುವುದಿಲ್ಲ ಎಂಬುದು ಹೊರಗಿನಿಂದ ಬಂದವರಿಗೆ ಹೊಳೆಯದಿದ್ದರೆ ಸರಿ. ಅಸಾಂಟೆ ಹೊಟ್ಟೆಯಲ್ಲಿ ಹುಟ್ಟಿದ ಅವಳಿಗೆ ಹೊಳೆಯದೆ ಹೋಯಿತು. ಅಥವಾ ಹೊಳೆದರೂ ಅನುಕೂಲವಾಗಿದೆ ಎಂದು ಸುಮ್ಮನಾದಳು.

ಪ್ರೊಫೆಸರ ಮನೆಯಲ್ಲಿ ಮಾಮೆ ಅಡ್ವೊವಾ ಒಲೆಯ ಮುಂದೆ ನಿಂತು ಗಂಜಿ ತಿರುವುತ್ತಿದ್ದರು. ಹಿಂದಿನ ಕೋಣೆಯ ಬಾಗಿಲು ಹಾಕಿತ್ತು, ಒಳಗೆ ಏಸಿ ಪೂರ್ತಿ ಜೋರಾಗಿ ಓಡುತ್ತಿತ್ತು. ಅಷ್ಟಾದರೂ ಮಾಡಿದ್ದಾರಲ್ಲ ಎಂದು ಅಬೆನಾ ಮನಸ್ಸಿನಲ್ಲೇ ಅವರಿಗೆ ಕೈ ಮುಗಿದಳು. ಡಾಕ್ಟರನ್ನು ಕರೆಸಿ ಸರ್ಟಿಫಿಕೇಟ್ ಬರೆಸಿಬಿಡೋಣ, ಗಾಡಿ ತಯಾರಿದೆ ಎಂದಳು.

"ಹುಷಾರಿಲ್ಲದೋರಿಗೆ ಯಾರಾದ್ರೂ ಆ ಸರ್ಟಿಫಿಕೇಟ್ ಬರೆಸ್ತಾರೇನೆ?" ಎಂದರು ಮಾಮೆ ಅಡ್ವೊವಾ, ಗಂಜಿಯಿಂದ ಕಣ್ಣೆತ್ತದೆ.

"ಮಾಮೆ, ನೀವೂ ಸಹಿ ಹಾಕಿದೀರಿ."

"ಹಾಕಿದೀನಿ, ಇಲ್ಲ ಅಂದ್ನಾ? ಆದ್ರೆ ನಾನು ಹೆಂಡ್ತಿ. ಅವರ ತಾಯಿಮನೆಗೆ ಗೊತ್ತಾಗೋಕೆ ಮುಂಚೆ ನನ್ನ ಬಾಯಿಂದ ಆ ಮಾತು ಬಂದ್ರೆ ನಾಳೆ ನನ್ನ ನಿಂತ ಕಾಲಲ್ಲೇ ಆಚೆಗೆ ಹಾಕ್ತಾರೆ. ಹೋಗು, ಅವರಕ್ಕನಿಗೆ ಹೇಳಿ ಬಾ. ರೂಬೆನ್ ಕರ್ಕೊಂಡು ಹೋಗ್ತಾನೆ. ಅಲ್ಲೀವರೆಗೂ ಪ್ರೊಫೆಸರಿಗೆ ಹುಷಾರಿಲ್ಲ."

ಫೋನಿನಲ್ಲಿ ಹೇಳಬಾರದೇ ಎಂದು ಅಬೆನಾ ಕೇಳಲಿಲ್ಲ. ಕೇಳಿದರೆ ಆ ಸೌಟು ತನ್ನ ಕಡೆಗೇ ಬರುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು.

ಪ್ರೊಫೆಸರ ಮಗ ರೂಬೆನ್ ಕಾರು ಓಡಿಸಿದ. ದಾರಿಯಲ್ಲಿ ಹಿರಿಯರ ಮುಂದಿಡಲು ಒಂದು ಪೆಟ್ಟಿಗೆ ಶ್ನಾಪ್ಸ್ ಮದ್ಯ ಕೊಂಡರು, ಬರಿಗೈಯಲ್ಲಿ ಹೋಗಿ ಅಂಥ ಮಾತು ಆಡುವಂತಿಲ್ಲ. ಸಂತೆಯ ದಿನ, ಕೆಜೇತಿಯಾ ಮಾರುಕಟ್ಟೆ ದಾಟುವುದಕ್ಕೇ ಹೊತ್ತು ಹಿಡಿಯಿತು. ಟ್ರೊಟ್ರೊ ವ್ಯಾನುಗಳು ನಡುರಸ್ತೆಯಲ್ಲೇ ನಿಂತು ಜನರನ್ನು ತುಂಬಿಕೊಳ್ಳುತ್ತಿದ್ದವು. ಅಬೆನಾ ಒಬ್ಬೊಬ್ಬ ಚಾಲಕನನ್ನೂ ಬಾಯಿಗೆ ಬಂದಂತೆ ಬೈದಳು. ರೂಬೆನ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದ. ಊರು ದಾಟಿದ ಮೇಲೆ ಅವನು, "ಆಂಟಿ, ಅಪ್ಪ ಒಂಬತ್ತು ವರ್ಷದಿಂದ ಈ ದಾರಿ ಹಿಡಿದಿಲ್ಲ, ಗೊತ್ತಾ?" ಎಂದ. ಮರೆವು ಶುರುವಾದ ಮೇಲೆ ತಾಯಿಮನೆಯವರ ಕಣ್ಣಿಗೆ ಬೀಳಬಾರದೆಂದು ಅವರು ಊರಿಗೆ ಹೋಗುವುದನ್ನೇ ಬಿಟ್ಟಿದ್ದರು. ಯಜಮಾನನೇ ಹೆಸರು ಮರೆತರೆ ಮರ್ಯಾದೆ ಏನಾಗಬೇಕು? ಊರಿಂದ ಫೋನು ಬಂದಾಗೆಲ್ಲ ಮನೆಯವರು ಕೆಲಸ ಜಾಸ್ತಿ ಎನ್ನುತ್ತಿದ್ದರು. ಒಮ್ಮೆ ಆ ಫೋನನ್ನು ಅಬೆನಾಳೇ ಎತ್ತಿ, ಪ್ರೊಫೆಸರ್ ಪರೀಕ್ಷೆಯ ಕೆಲಸದಲ್ಲಿದ್ದಾರೆ ಎಂದು ಹೇಳಿದ್ದಳು. ಅದು ಈಗ ನೆನಪಾಯಿತು, ಬೇಡವಾಗಿತ್ತು.

ಪ್ರೊಫೆಸರ ಊರು ಮಾಂಪಾಂಗ್ ದಾಟಿ ಒಳಗೆ. ತಾಯಿಮನೆಯ ಅಂಗಳದಲ್ಲಿ ಸಾರ್ಪಾಂಗ್ ಎಂಬ ಹಿರಿಯರು ಎದುರು ಬಂದರು. ತಾಯಿಯ ಕಡೆಯಿಂದ ಪ್ರೊಫೆಸರಿಗೆ ದೂರದ ನೆಂಟರು, ಆ ಮನೆಯ ಪರವಾಗಿ ಮಾತಾಡುವವರು. ಹಿರಿಯರಿಗೆ ಹೋಗುವ ಮಾತೂ ಹಿರಿಯರಿಂದ ಬರುವ ಮಾತೂ ಅವರ ಬಾಯಿಯಿಂದಲೇ ದಾಟಬೇಕು. ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. ಬಿಸಿಲು ಹೇಗಿದೆ, ದಾರಿ ಹೇಗಿತ್ತು, ಕುಮಾಸಿಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳಿದರು. ಎಲ್ಲರೂ ಚೆನ್ನಾಗಿದ್ದಾರೆ ಎಂದು ಅಬೆನಾ ಹೇಳಬೇಕಾಯಿತು. ಕೂತ ಕುರ್ಚಿಯ ಕೆಳಗೆ ಬೆಂಕಿ ಇಟ್ಟಂತಾಗಿತ್ತು ಅವಳಿಗೆ. ಉಪಚಾರ ಮುಗಿದ ಮೇಲೆ ಶ್ನಾಪ್ಸ್ ಪೆಟ್ಟಿಗೆ ಮುಂದಿಟ್ಟು, ಬಂದ ಕಾರಣವನ್ನು ಅವರ ಕಿವಿಗೆ ಹಾಕಿದಳು.

ಆಮೇಲೆ ನಾನಾ ಪೊಕುವಾ ಬಂದರು. ಪ್ರೊಫೆಸರಿಗಿಂತ ಹತ್ತು ವರ್ಷ ದೊಡ್ಡವರು, ಅವರನ್ನು ಬೆನ್ನ ಮೇಲೆ ಕಟ್ಟಿಕೊಂಡು ಬೆಳೆಸಿದ ಅಕ್ಕ. ಆ ಮನೆಗೆ ಹಿರಿಯ ಹೆಂಗಸು, ಅದಕ್ಕೇ ಎಲ್ಲರ ಬಾಯಲ್ಲೂ ನಾನಾ. ಯಜಮಾನ ಹೋದ ಮೇಲೆ ಇನ್ನೊಬ್ಬ ಯಜಮಾನ ಕೂರುವವರೆಗೂ ಆ ಮನೆಯ ಮಾತೆಂದರೆ ಅವರ ಮಾತು. ಬೆನ್ನು ನೆಟ್ಟಗೆ, ಕಣ್ಣು ಚುರುಕು, ತಲೆಗೆ ಕಟ್ಟಿದ ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ. ಸಾರ್ಪಾಂಗ್ ಬಳಸಿ ಬಳಸಿ, ಯಜಮಾನರ ಕಾಲಿಗೆ ಮುಳ್ಳು ಚುಚ್ಚಿತು, ಅವರು ನಡೆಯಲಾರದೆ ಕೂತರು ಎಂದು ಶುರು ಮಾಡಿ ಸುದ್ದಿ ಮುಟ್ಟಿಸಿದರು. ನಾನಾ ಪೊಕುವಾ ಕೂಗಲಿಲ್ಲ. ತೊಡೆಯ ಮೇಲೆ ಎರಡೂ ಕೈಯಿಟ್ಟು ನೆಲ ನೋಡುತ್ತಾ ಕೂತರು. ಕೆನ್ನೆ ಮೇಲೆ ನೀರು ತಾನಾಗಿ ಇಳಿಯಿತು.

ಅಬೆನಾ ಪ್ರೊಫೆಸರ ಕಾಯಿಲೆ ಹೇಳಿದಳು, ಅವರ ಆಸೆ ಹೇಳಿದಳು. ಮಿದುಳು ಎಂದರೆ ಇದ್ದಿಲೊಲೆ ಇದ್ದಂತೆ ನಾನಾ, ಬೂದಿ ಎಲ್ಲರೂ ನೋಡುತ್ತಾರೆ, ಬೆಂಕಿ ಯಾವಾಗ ಸಣ್ಣಗಾಯಿತು ಎಂದು ಯಾರೂ ನೋಡಿಲ್ಲ, ಅದನ್ನು ನೋಡಬೇಕು ಎಂದು ಅವರೇ ಹೇಳಿದ್ದರು ಎಂದಳು. ಮೂವತ್ತು ವರ್ಷದಲ್ಲಿ ಅವಳು ಅಷ್ಟು ಸರಳವಾಗಿ ತನ್ನ ಕೆಲಸವನ್ನು ಯಾರಿಗೂ ಹೇಳಿರಲಿಲ್ಲ.

ನಾನಾ ಪೊಕುವಾ ಕೆನ್ನೆ ಒರೆಸಿಕೊಂಡು, "ಚಿಕ್ಕೋನಿದ್ದಾಗ ನಮ್ಮ ಮಾವನ ರೇಡಿಯೊ ಬಿಚ್ಚಿಬಿಟ್ಟಿದ್ದ. ಒಳಗೆ ಮಾತಾಡೋರು ಎಲ್ಲಿ ಕೂತಿದಾರೆ ನೋಡ್ತೀನಿ ಅಂತ. ಮಾವ ಹೊಡೆದ ಹೊಡೆತಕ್ಕೆ ಎರಡು ದಿನ ಮಲಗಿದ್ದ" ಎಂದರು. ಮುಖದಲ್ಲಿ ನಗು ಹಾದು ಹೋಯಿತು. "ಈಗ ನೀನು ಅವನ ತಲೆ ಬಿಚ್ಚಿ ನೋಡ್ತೀನಿ ಅಂತೀಯ. ಹೂಂ, ನೋಡು ಮಗಳೇ. ಅವನಿಗೆ ಸರಿಯಾಗೇ ಇದೆ."

ಅಬೆನಾ ಅವರ ಕಾಲ ಬಳಿ ಕುಸಿದು ಕೂತಳು. ಬೆಳಿಗ್ಗೆಯಿಂದ ಬಾರದಿದ್ದ ಅಳು ಈಗ ಬಂತು. ಒಂದೇ ಒಂದು ಕೆಲಸ ಉಳಿದಿತ್ತು. ಮನೆಯ ಹಿರಿಯರು ಇಬ್ಬರು ಮೂವರು ಬಂದು ಕೂರಬೇಕು, ಅವರೆದುರಿಗೆ ನಾನಾ ಈ ಮಾತನ್ನೇ ಇನ್ನೊಮ್ಮೆ ಹೇಳಬೇಕು, ಸಾರ್ಪಾಂಗ್ ಶ್ನಾಪ್ಸನ್ನು ನೆಲಕ್ಕೆ ಹುಯ್ಯಬೇಕು. ಹುಯ್ದರೆ ಮುಗಿಯಿತು, ಆಮೇಲೆ ಯಾರೂ ತಕರಾರು ಎತ್ತುವಂತಿಲ್ಲ. ಹಿರಿಯರು ಕೋಕೋ ತೋಟಗಳಲ್ಲಿದ್ದರು. ನಾನಾ ಕರೆಯುತ್ತಿದ್ದಾರೆ ಎಂದಷ್ಟೇ ಸಾರ್ಪಾಂಗ್ ಅವರಿಗೆ ಫೋನು ಮಾಡಿದರು. ಅಬೆನಾ ಲಾರ್ಟೆಗೆ ಸುದ್ದಿ ಕಳಿಸಿದಳು: ಒಪ್ಪಿದ್ದಾರೆ, ಹೊರಡುತ್ತೇವೆ.

ಹಿರಿಯರು ಬೇಗ ಬರಲಿಲ್ಲ. ಒಬ್ಬರಿಗೆ ಸ್ನಾನ ಆಗಬೇಕು, ಇನ್ನೊಬ್ಬರಿಗೆ ಬಟ್ಟೆ ಬದಲಿಸಬೇಕು. ಅಬೆನಾ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದಳು. ನಾನಾ ಪೊಕುವಾ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಬೆಂದ ಬಾಳೆಕಾಯಿಯನ್ನೂ ಕಡಲೆಕಾಯಿ ಸಾರನ್ನೂ ಮುಂದಿಡಿಸಿದರು. ತಿನ್ನುತ್ತಿದ್ದಾಗ, "ನಮ್ಮ ಕ್ವಾಕು ಚಿಕ್ಕೋನಿದ್ದಾಗ ಮಾವನ ರೇಡಿಯೊ ಬಿಚ್ಚಿಬಿಟ್ಟಿದ್ದ" ಎಂದರು.

ಅಬೆನಾ ನಕ್ಕಳು. ಮುದುಕರು ಹೇಳಿದ್ದನ್ನೇ ಹೇಳುತ್ತಾರೆ. ಆದರೆ ಒಳಗೆ ಮಾತಾಡೋರು ಎಲ್ಲಿ ಕೂತಿದಾರೆ ಎಂಬಲ್ಲಿ ಅದೇ ತಡೆ, ಹೊಡೆತ ಎಂಬಲ್ಲಿ ಅದೇ ನಗು, ಪದಕ್ಕೆ ಪದ ಅದೇ. ಕೈಯಲ್ಲಿದ್ದ ಬಾಳೆಕಾಯಿ ಹಾಗೇ ನಿಂತಿತು. ನಾನಾ ಅವಳ ಮುಖವನ್ನು ಪ್ರೀತಿಯಿಂದ ನೋಡಿ, "ನೀನು ಯಾರ ಮಗಳು? ಏನು ಬಂದಿದ್ದು ಇಷ್ಟು ದೂರ?" ಎಂದರು.

ಇಂಥ ನೂರಾರು ಮುಖಗಳ ಮುಂದೆ ಕೂತು, ಈ ಪ್ರಶ್ನೆಯನ್ನೇ ಕೇಳಿಸಿಕೊಂಡು, ಪಕ್ಕದ ಹಾಳೆಯಲ್ಲಿ ಗುರುತು ಹಾಕಿದವಳು ಅಬೆನಾ. ಇನ್ಯಾರಿಗೆ ಅನುಮಾನವಿದ್ದರೂ ಅವಳಿಗೆ ಇರಲಿಲ್ಲ. ತಲೆಯೆತ್ತಿ ಸಾರ್ಪಾಂಗ್ ಕಡೆ ನೋಡಿದಳು. ಅವರು ಸರಕ್ಕನೆ ಬೇರೆ ಕಡೆ ತಿರುಗಿ, "ನಾನಾಗೆ ಈವತ್ತು ಸ್ವಲ್ಪ ಆಯಾಸ" ಎಂದರು. ಆ ಮನೆಯಲ್ಲೂ ಬಾಯಿಗೆ ಬೀಗ ಹಾಕಿ ಕೂತಿದ್ದರು. ಕುಮಾಸಿಯಲ್ಲಿ ತಮ್ಮನಿಗೆ ಕೆಲಸ ಜಾಸ್ತಿ, ಇಲ್ಲಿ ಅಕ್ಕನಿಗೆ ಆಯಾಸ.

ಹಿರಿಯರು ಬಂದರು, ಮೂವರು. ಬಂದವರಿಗೆ ನೀರು. ಬಿಸಿಲು ಹೇಗಿದೆ, ತೋಟ ಹೇಗಿದೆ. ಎಲ್ಲ ಮೊದಲಿಂದ. ಅಬೆನಾ ಉಗುರು ಕಚ್ಚುತ್ತಾ ಕೂತಳು. ಸಾರ್ಪಾಂಗ್ ಎದ್ದು ನಿಂತು, ಯಜಮಾನರ ಕಾಲಿಗೆ ಮುಳ್ಳು ಚುಚ್ಚಿದ ಮಾತನ್ನು ಮತ್ತೆ ಶುರು ಮಾಡಿದರು. ಅವರು ಮುಗಿಸುವ ಮೊದಲೇ ನಾನಾ ಪೊಕುವಾ ಎದ್ದುಬಿಟ್ಟರು. ಈ ಸಲ ಕೂಗಿದರು. ಅಂಗಳದ ಕೋಳಿಗಳೆಲ್ಲ ಚದುರಿ ಓಡುವ ಹಾಗೆ ತಮ್ಮನ ಹೆಸರು ಹಿಡಿದು ಕೂಗಿದರು. ನನ್ನ ಬೆನ್ನ ಮೇಲಿದ್ದ ಕೂಸು, ನನಗಿಂತ ಮುಂಚೆ ಹೆಂಗೆ ಹೋದ, ಯಾರೂ ನನಗೆ ಹೇಳಲಿಲ್ಲವಲ್ಲ ಎಂದು ತಲೆಯ ಬಟ್ಟೆ ಕಿತ್ತೆಸೆದು ಅತ್ತರು. ಹೆಂಗಸರು ಹಿಡಿದು ಕೂರಿಸಿದರು. ಸುದ್ದಿ ಮುಟ್ಟಿದ ಲೆಕ್ಕಕ್ಕೆ ಒಂದು ಬಾಟಲಿ ನೆಲಕ್ಕೆ ಹುಯ್ದಾಯಿತು. ಈಗ ಪ್ರೊಫೆಸರ್ ಸತ್ತರೆಂದು ಯಾರು ಬೇಕಾದರೂ ಹೇಳಬಹುದಿತ್ತು. ಉಳಿದದ್ದು ಮಿದುಳಿನ ಮಾತು ಒಂದೇ.

ಸಾರ್ಪಾಂಗ್ ಅದನ್ನೂ ಮೆಲ್ಲಗೆ ಮುಂದಿಟ್ಟರು. ನಾನಾ ಪೊಕುವಾ ಅಬೆನಾಳ ಕಡೆ ತಿರುಗಿದ ನೋಟದಲ್ಲಿ ಗುರುತಿರಲಿಲ್ಲ.

"ನನ್ನ ತಮ್ಮನ ತಲೆ ಕೊಯ್ಯೋಕೆ ಬಂದಿದಾಳಾ ಇವಳು? ಪೂರ್ತಿಯಾಗಿ ಹುಟ್ಟಿದಾನೆ, ಪೂರ್ತಿಯಾಗಿ ಮಣ್ಣಿಗೆ ಹೋಗ್ತಾನೆ. ಆಗಲ್ಲ ಅಂತ ಹೇಳು."

ಅಬೆನಾಳ ತಾಳ್ಮೆ ಅಲ್ಲಿಗೆ ಕಡಿಯಿತು. "ಈಗಷ್ಟೇ ಹೂಂ ಅಂದ್ರಲ್ಲ ನಾನಾ! ರೇಡಿಯೊ ಕಥೆನೂ ಹೇಳಿದ್ರಿ. ಅವನಿಗೆ ಸರಿಯಾಗೇ ಇದೆ ಅಂತ ನೀವೇ ಅಂದ್ರಿ. ನಿಮಗೆ ನೆನಪಿಲ್ವಾ?"

ಮನೆಯ ಹಿರಿಯ ಹೆಂಗಸಿಗೆ ಹಿರಿಯರೆದುರು, ಅದೂ ಆ ದಿನ, ನೆನಪಿಲ್ಲವಾ ಎಂದು ಕೇಳಿದ್ದಳು. ಮೂವರು ಹಿರಿಯರೂ ನೆಲ ನೋಡಿದರು. ಅವರ ಮುಖ ನೋಡಿದರೆ ಅವರಿಗೂ ಎಲ್ಲ ಗೊತ್ತಿತ್ತು. ಒಬ್ಬರು ಗಂಟಲು ಸರಿಪಡಿಸಿಕೊಂಡು, ಈ ಮಾತಿಗೆ ಒಂದು ಕುರಿ ತಪ್ಪುಕಾಣಿಕೆ ಆಗುತ್ತದೆ ಎಂದರು. ಅಬೆನಾ ಬಗ್ಗಿ ನಿಂತು ತಪ್ಪಾಯಿತು ಎಂದಳು, ಕುರಿ ಕಳಿಸುತ್ತೇನೆ ಎಂದಳು. ಸಿಟ್ಟು ಮಾತ್ರ ಇಳಿದಿರಲಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಸಾರ್ಪಾಂಗ್ ಅವಳನ್ನು ಅಡುಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಎಷ್ಟು ದಿನದಿಂದ ಹೀಗೆ ಎಂದು ಅಬೆನಾ ಕೇಳಿದಳು. ಮೂರು ವರ್ಷ ಮೇಲಾಯಿತು ಎಂದರು ಅವರು.

"ಪ್ರೊಫೆಸರಿಗೆ ಯಾಕೆ ಹೇಳಿಲ್ಲ? ಅವರ ಕೆಲಸವೇ ಅದಲ್ವಾ? ನನ್ನ ಕೆಲಸ ಅದಲ್ವಾ?"

"ಅವರು ಬಂದಿದ್ರೆ ತಾನೇ ಡಾಕ್ಟ್ರೇ? ಅಕ್ಕನಿಗಿಂತ ಕೆಲಸ ಹೆಚ್ಚಾಯ್ತು ಅಂತ ನಾವು ಬೈಕೊಂಡ್ವಿ. ಯಾಕೆ ಬರಲಿಲ್ಲ ಅಂತ ಈವತ್ತು ಗೊತ್ತಾಯ್ತು. ನೀವೂ ಬರಲಿಲ್ಲವಲ್ಲ. ಒಂಬತ್ತು ವರ್ಷ ಅವರ ಮನೆಗೆ ಹೋದ್ರಿ ಅಂತೀರಿ. ದಾರಿ ಇಲ್ಲೀತನಕ ಇತ್ತಲ್ಲ."

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು, ಒಂದೇ ಕಾಯಿಲೆ. ಒಬ್ಬರನ್ನು ಅವಳು ಹನಿಹನಿಯಾಗಿ ಅಳೆದಿದ್ದಳು. ಇನ್ನೊಬ್ಬರು ಅರ್ಧ ದಿನದ ದಾರಿಯೂ ಇಲ್ಲದ ಊರಿನಲ್ಲಿ ಯಾರ ಕಣ್ಣಿಗೂ ಬೀಳದೆ ಆರುತ್ತಿದ್ದರು. ಒಮ್ಮೆ ಬಂದಿದ್ದರೆ ಈ ದಿನದ ಮಾತು ಆಗಲೇ ಮುಗಿದಿರುತ್ತಿತ್ತು, ಇನ್ನೂ ಎಷ್ಟೋ ಆಗುತ್ತಿತ್ತು. ಬರಲಿಲ್ಲ. ಯಜಮಾನನೇ ಒಪ್ಪಿದ್ದಾನೆ ಎಂದು ನಕ್ಕು ಸುಮ್ಮನಾಗಿದ್ದಳು.

ಸಾರ್ಪಾಂಗ್ ದನಿ ತಗ್ಗಿಸಿದರು. "ಇನ್ನೂ ಹೊತ್ತಿದೆಯಾ?"

ಇದೆ ಎಂದಳು. ಈಗ ಹೊರಟರೆ ಇದೆ.

"ಹಂಗಾದ್ರೆ ಕೇಳಿ. ಒಂದು ಗಳಿಗೆ ಬಿಟ್ರೆ ನಾನಾ ಎಲ್ಲಾ ಮರೀತಾರೆ. ಹಿರಿಯರನ್ನ ನಾನು ಕೂರಿಸ್ಕೊಂಡಿರ್ತೀನಿ, ಯಜಮಾನರ ಮಾತು ಉಳೀಲಿ ಅಂತ ಅವರಿಗೂ ಇದೆ. ಈ ಸಲ ನಾನು ಬಾಯಿ ಬಿಡಲ್ಲ, ನೀವೇ ಹೇಳಿ, ಮೊದಲು ಹೇಳಿದ್ರಲ್ಲ ಹಂಗೆ. ಒಲೆ, ಇದ್ದಿಲು. ಹೂಂ ಅಂತಾರೆ. ಅಂದ ತಕ್ಷಣ ನಾನು ಹುಯ್ದುಬಿಡ್ತೀನಿ. ಹುಯ್ದ ಮೇಲೆ ಮರೆತರೂ ಒಂದೇ, ನೆನಪಿದ್ದರೂ ಒಂದೇ."

"ಅವರು ಸತ್ತಿದ್ದನ್ನ ಮತ್ತೆ ಹೇಳ್ಬೇಕಾ?"

"ಹೇಳದೆ ಕೇಳೋದು ಹೆಂಗೆ?"

ಅಬೆನಾ ಅಲ್ಲೇ ಗೋಡೆಗೊರಗಿ ನಿಂತಳು. ಮರೆವಿನವರು ಹೂಂ ಎಂದರೆ ಅದು ಒಪ್ಪಿಗೆಯಲ್ಲ ಎಂದು ಅವಳ ಕೈಕೆಳಗಿನ ಹುಡುಗರಿಗೆ ಅವಳೇ ಪಾಠ ಮಾಡಿದ್ದಳು. ಆದರೆ ಇಲ್ಲಿ ಒಪ್ಪಿಗೆ ಕೊಟ್ಟವರು ಬೇರೆ, ನೆಟ್ಟಗಿದ್ದಾಗಲೇ ಕೊಟ್ಟವರು. ಇದು ಬರೀ ಬಾಗಿಲು ತೆರೆಸುವ ಕೆಲಸ. ಕರಗಿ ಹರಿದ ಫ್ರೀಜರು, ಬಂದರಿನಲ್ಲಿ ಕೆಟ್ಟ ಪೆಟ್ಟಿಗೆ, ವಾಪಸು ಬಂದ ಕಾಗದಗಳು, ಪ್ರತಿ ಸಲ ಬೆನ್ನಿಗೆ ಸೂಜಿ ಇಳಿಯುವಾಗ ಹಲ್ಲು ಕಚ್ಚಿ ಜೋಕು ಹೇಳುತ್ತಿದ್ದ ಪ್ರೊಫೆಸರ್, ಎಲ್ಲ ಒಂದು ಹೂಂ ಎಂಬಲ್ಲಿಗೆ ಬಂದು ನಿಂತಿತ್ತು. ಅದು ಸಿಗುತ್ತದೆ. ಕೇಳಿದರೆ ಸಿಗುತ್ತದೆ. ಫೋನು ಗುರುಗುಟ್ಟಿತು. ಇನ್ನೂ ಟೈಮಿದೆ, ಹೊರಟಿರಾ ಎಂದು ಲಾರ್ಟೆ ಬರೆದಿದ್ದರು. ಅವಳು ಕರವಸ್ತ್ರದಿಂದ ಮುಖ ಒರೆಸಿಕೊಂಡು ಅಂಗಳಕ್ಕೆ ಹೋದಳು.

ನಾನಾ ಪೊಕುವಾ ತಲೆಗೆ ಬಟ್ಟೆಯನ್ನು ಮತ್ತೆ ನೀಟಾಗಿ ಕಟ್ಟಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅತ್ತ ಮುಖವಲ್ಲ ಅದು. ಅತ್ತದ್ದರ ಗುರುತು ಮಾತ್ರ ಕೆನ್ನೆಯ ಮೇಲೆ ಉಪ್ಪಿನ ಗೆರೆಯಾಗಿ ಒಣಗಿತ್ತು, ಅದು ಯಾಕೆ ಅಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಹಿರಿಯರು ಕದಲದೆ ಕೂತಿದ್ದರು. ಸಾರ್ಪಾಂಗ್ ಎರಡನೇ ಬಾಟಲಿಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು ನಿಂತರು. ರೂಬೆನ್ ಕಾರಿನ ಬಾಗಿಲು ತೆರೆದಿಟ್ಟಿದ್ದ.

ನಾನಾ ಅವಳನ್ನು ನೋಡಿ ಮುಖ ಅರಳಿಸಿದರು. "ಬಾ ಕೂಸೇ, ಕೂತ್ಕೋ. ಕುಮಾಸಿಯಿಂದ ಬಂದಿದೀಯಂತೆ. ನಮ್ಮ ಕ್ವಾಕು ಹೆಂಗಿದಾನೆ? ನಿನ್ನ ಜೊತೆ ಬರಲಿಲ್ವಾ?"

ಬಾಗಿಲು ತಾನಾಗಿ ತೆರೆದಿತ್ತು. ಒಂದು ಹೆಜ್ಜೆ ಇಡಬೇಕಿತ್ತು, ಅಷ್ಟೇ. ಸಾರ್ಪಾಂಗ್ ಕಣ್ಣಿನಲ್ಲೇ ಹೂಂ, ಹೇಳಿ ಎಂದರು. ಅಬೆನಾ ಬಾಯಿ ತೆರೆದಳು. ಇಲಿಗಳ ಜೊತೆ ಕಳೆದ ಮೂವತ್ತು ವರ್ಷದಲ್ಲಿ ಒಂದು ಇಲಿಯೂ ಅವಳನ್ನು ಹೀಗೆ ನೋಡಿ ತಮ್ಮನ ಕ್ಷೇಮ ಕೇಳಿರಲಿಲ್ಲ.

"ಪ್ರೊಫೆಸರಿಗೆ ಸ್ವಲ್ಪ ಹುಷಾರಿಲ್ಲ ನಾನಾ" ಎಂದಳು.

"ಹೌದಾ? ಕೆಲಸ ಕೆಲಸ ಅಂತ ಹೊಟ್ಟೆಗೆ ತಿಂದಿರಲ್ಲ. ಚಿಕ್ಕಂದಿನಿಂದ್ಲೂ ಹಂಗೇ ಅವನು. ಬಿಸಿಬಿಸಿಯಾಗಿ ಕಡಲೆಕಾಯಿ ಸಾರು ಮಾಡಿ ಹಾಕು ಅಂತ ಅವನ ಹೆಂಡ್ತಿಗೆ ಹೇಳು. ಸರಿಹೋಗ್ತಾನೆ."

"ಹೇಳ್ತೀನಿ ನಾನಾ."

ಸಾರ್ಪಾಂಗ್ ಬಾಟಲಿಗೆ ಮುಚ್ಚಳ ತಿರುಗಿಸಿ ಕುರ್ಚಿಯ ಕೆಳಗಿಟ್ಟರು. ಹಿರಿಯರಲ್ಲೊಬ್ಬರು, ಕುರಿ ಕೇಳಿದವರೇ, ಕುರಿ ಬೇಡ ಬಿಡಿ ಎಂದು ಮೆಲ್ಲಗೆ ಅಂದರು. ಅಬೆನಾಗೆ ಆ ಔದಾರ್ಯ ಕಂಡು ಇನ್ನೂ ಮೈ ಉರಿಯಿತು. ಅವಳಿಗೆ ಬೇಕಾಗಿದ್ದು ಕುರಿಯ ಮಾಫಿಯಲ್ಲ. ಫೋನು ತೆಗೆದು, ಜನರೇಟರ್ ಆರಿಸಿ ಮನೆಗೆ ಹೋಗಿ ಎಂದು ಲಾರ್ಟೆಗೆ ಬರೆದಳು. ಬರೆದು ಮುಗಿಸುವಷ್ಟರಲ್ಲಿ ನಾನಾ ಪೊಕುವಾ ಅವಳ ಮಂಡಿಯ ಮೇಲೆ ಕೈಯಿಟ್ಟು, ಕ್ವಾಕು ಚಿಕ್ಕವನಿದ್ದಾಗ ಮಾವನ ರೇಡಿಯೊ ಬಿಚ್ಚಿದ ಕಥೆ ಶುರು ಮಾಡಿದ್ದರು. ರೂಬೆನ್ ಕಾರಿನ ಬಾಗಿಲು ಹಾಕಿ ಬಂದು ಅತ್ತೆಯ ಇನ್ನೊಂದು ಪಕ್ಕದಲ್ಲಿ ಕೂತ.

"ಒಳಗೆ ಮಾತಾಡೋರು ಸಿಕ್ಕಿದ್ರಾ ನಾನಾ?" ಎಂದು ಅಬೆನಾ ಕೇಳಿದಳು.

"ಎಲ್ಲಿ ಸಿಗ್ತಾರೆ?" ಎಂದು ನಾನಾ ಪೊಕುವಾ ನಕ್ಕರು. "ಬಿಚ್ಚೋ ಹೊತ್ತಿಗೆ ಎಲ್ಲಾ ಎದ್ದು ಹೋಗಿರ್ತಾರೆ."